ನಲವತ್ತಕ್ಕೆ ಬರುವ ಚಾಳೀಸು

ಕನ್ನಡಕಕ್ಕೆ ನಮ್ಮ ಹಿರಿಯರ ಬಾಯಲ್ಲಿ ಚಾಳೀಸು ಎಂಬ ಇನ್ನೊಂದು ಹೆಸರಿತ್ತು. ಇಂದಿನ ಮಕ್ಕಳಿಗೆ ಆ ಮಾತು ಗೊತ್ತಿರಲಾರದು. ಉರ್ದು ಬಲ್ಲವರಿಗಾದರೆ ಅದರ ಗುಟ್ಟು ಕೂಡಲೇ ಹೊಳೆಯುತ್ತದೆ. ಚಾಲೀಸ್ ಎಂದರೆ ನಲವತ್ತು. ಮರಾಠಿಯ ಚಾಳಿಶಿ, ತೆಲುಗಿನ ಚತ್ವಾರ ಎಂಬ ಮಾತುಗಳ ಒಳಗೂ ಇದೇ ನಲವತ್ತು ಅಡಗಿದೆ. ಹತ್ತಿರದ ಅಕ್ಷರ ಮಸುಕಾಗುವ ವಯಸ್ಸನ್ನೇ ಜನರು ಆ ವಸ್ತುವಿಗೆ ಹೆಸರಾಗಿ ಇಟ್ಟುಬಿಟ್ಟರು. ವೈದ್ಯರ ಲೆಕ್ಕಕ್ಕೂ ಇದು ಸರಿಹೊಂದುತ್ತದೆ. ಕಣ್ಣೊಳಗಿನ ಮಸೂರ ಎಳವೆಯಿಂದಲೇ ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಗುತ್ತಾ ಬರುತ್ತದೆ. ಹತ್ತಿರದ್ದನ್ನು ನೋಡಲು ಅದು ಉಬ್ಬಿಕೊಳ್ಳಬೇಕು. ನಲವತ್ತರ ಆಸುಪಾಸಿನಲ್ಲಿ ಆ ಉಬ್ಬು ಪುಸ್ತಕ ಹಿಡಿಯುವ ದೂರಕ್ಕೆ ಸಾಲದಾಗುತ್ತದೆ. ಪತ್ರಿಕೆ ಹಿಡಿದ ಕೈ ದಿನದಿಂದ ದಿನಕ್ಕೆ ಮುಂದಕ್ಕೆ ಚಾಚುತ್ತಾ ಹೋಗಿ, ಕೊನೆಗೊಂದು ದಿನ ಕೈಯ ಉದ್ದವೇ ಸಾಲುವುದಿಲ್ಲ.

ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿದೆ. ಕಣ್ಣು ತಪಾಸಣೆ ಆಗುತ್ತದೆ, ಕನ್ನಡಕ ಬರುತ್ತದೆ. ಹಾಕಿಕೊಂಡ ಕೂಡಲೇ ಅಕ್ಷರಗಳು ಎದ್ದು ನಿಲ್ಲುತ್ತವೆ, ಆದರೆ ನೆಲವೂ ಎದ್ದು ನಿಲ್ಲುತ್ತದೆ! ಮೆಟ್ಟಿಲು ಇದ್ದ ಜಾಗದಲ್ಲಿ ಇಲ್ಲವೆನಿಸುತ್ತದೆ. ಬಾಗಿಲ ಚೌಕಟ್ಟು ಬಿಲ್ಲಿನಂತೆ ಬಾಗುತ್ತದೆ. ತಲೆ ತಿರುಗಿಸಿದರೆ ಕೋಣೆಯೂ ಜೊತೆಗೆ ತೂಗಾಡುತ್ತದೆ. ಸಂಜೆಗೆ ಹಣೆ ಸಿಡಿಯುತ್ತದೆ. “ಎರಡು ದಿನ ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ” ಎಂದು ಅಂಗಡಿಯವರು ಹೇಳಿರುತ್ತಾರೆ. ಎಷ್ಟೋ ಮಂದಿ ಎರಡೇ ದಿನ ಹಾಕಿಕೊಂಡು ಮೂರನೆಯ ದಿನ ಅದನ್ನು ಡಬ್ಬಿಯೊಳಗೆ ಮಲಗಿಸಿಬಿಡುತ್ತಾರೆ. ಅಲ್ಲಿಂದ ಅದು ಮತ್ತೆ ಏಳುವುದಿಲ್ಲ.

ಕನ್ನಡಕದ ಚರಿತ್ರೆ ಬರೆದವರು ಅದನ್ನು ಯಾರು ಕಂಡುಹಿಡಿದರು ಎಂಬುದರ ಬಗ್ಗೆ ಬಹಳ ಜಗಳವಾಡಿದ್ದಾರೆ. ಹಾಕಿಕೊಂಡವರು ಅದಕ್ಕೆ ಹೇಗೆ ಒಗ್ಗಿಕೊಂಡರು ಎಂಬುದನ್ನು ಕೇಳಿದವರು ಕಡಿಮೆ. ನಮ್ಮ ಕುತೂಹಲವಿರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಮೊದಲನೆಯದನ್ನು ಬೇಗ ಮುಗಿಸೋಣ. 1306ರ ಫೆಬ್ರವರಿ 23ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜೊರ್ದಾನೊ ಎಂಬ ಪಾದ್ರಿ ಪ್ರವಚನ ನೀಡುತ್ತಾ, ಕನ್ನಡಕ ಮಾಡುವ ವಿದ್ಯೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲ, ಅದನ್ನು ಮೊದಲು ಮಾಡಿದವನನ್ನು ತಾನು ಕಂಡು ಮಾತನಾಡಿದ್ದೇನೆ ಎಂದಿದ್ದರು. ಆದರೆ ಆತನ ಹೆಸರನ್ನು ಹೇಳಲಿಲ್ಲ. ಪೀಸಾದ ಅಲೆಸ್ಸಾಂದ್ರೊ ದೆಲ್ಲ ಸ್ಪಿನ ಎಂಬ ಇನ್ನೊಬ್ಬ ಪಾದ್ರಿ, ಬೇರೊಬ್ಬರು ಮಾಡಿದ್ದನ್ನು ನೋಡಿ ತಾನೂ ಮಾಡಿ ಸಂತೋಷದಿಂದ ಹಂಚಿದರೆಂದು ಅವರ ಮಠದ ದಾಖಲೆ ಹೇಳುತ್ತದೆ. ಅವರು ತೀರಿಕೊಂಡದ್ದು 1313ರಲ್ಲಿ. ಮೊದಲು ಮಾಡಿದವನು ಇಂದಿಗೂ ಅನಾಮಧೇಯ. ಸಾಲ್ವಿನೊ ಎಂಬ ಫ್ಲಾರೆನ್ಸಿನ ಗೃಹಸ್ಥನ ಹೆಸರು ಹಲವು ಪುಸ್ತಕಗಳಲ್ಲಿದೆ. ಅದು 17ನೇ ಶತಮಾನದಲ್ಲಿ ಊರಭಿಮಾನಕ್ಕಾಗಿ ಹೆಣೆದ ಕತೆ ಎಂದು ಆಮೇಲೆ ತಿಳಿಯಿತು.

ಊರಭಿಮಾನದಂತೆಯೇ ಸಮುದಾಯದ ಅಭಿಮಾನವೂ ಕತೆ ಹೆಣೆಯುತ್ತದೆ. ಕನ್ನಡಕವನ್ನು ಕಂಡುಹಿಡಿದದ್ದು ಇಬ್ನುಲ್ ಹೈಸಮ್ ಎಂದು ನಮ್ಮವರ ಭಾಷಣಗಳಲ್ಲಿ, ಕರಪತ್ರಗಳಲ್ಲಿ ಆಗಾಗ ಕೇಳುತ್ತೇವೆ. ಇದಕ್ಕೆ ಆಧಾರವಿಲ್ಲ. ಹಾಗೆ ಹೇಳುವುದರಿಂದ ಆ ಮಹಾನುಭಾವರ ಗೌರವ ಹೆಚ್ಚುವುದೂ ಇಲ್ಲ. ಅವರು ನಿಜಕ್ಕೂ ಮಾಡಿದ್ದು ಇದಕ್ಕಿಂತ ದೊಡ್ಡದು, ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಅದಕ್ಕೆ ಆಮೇಲೆ ಬರುತ್ತೇವೆ.

ಹೊಸ ಕನ್ನಡಕದ ಕಿರಿಕಿರಿಯನ್ನು ಬರೆದಿಟ್ಟ ಮೊದಲಿಗರಲ್ಲಿ ಇಟಲಿಯ ಕವಿ ಪೆತ್ರಾರ್ಕ (1304–1374) ಒಬ್ಬ. ಮುಂದಿನ ತಲೆಮಾರಿನವರಿಗೆಂದು ಬರೆದ ಪತ್ರದಲ್ಲಿ ಆತ ತನ್ನ ರೂಪ, ಸ್ವಭಾವ ಎಲ್ಲವನ್ನೂ ವರ್ಣಿಸುತ್ತಾನೆ. ತನ್ನ ದೃಷ್ಟಿ ಬಹುಕಾಲ ತೀಕ್ಷ್ಣವಾಗಿತ್ತು, ಅರವತ್ತು ದಾಟಿದ ಮೇಲೆ ಕೈಕೊಟ್ಟಿತು, ಮನಸ್ಸಿಲ್ಲದ ಮನಸ್ಸಿನಿಂದ ಕನ್ನಡಕದ ಮೊರೆಹೋಗಬೇಕಾಯಿತು ಎಂಬ ಅರ್ಥದ ಮಾತು ಅದರಲ್ಲಿದೆ. ಅಂದಿನ ಕನ್ನಡಕಕ್ಕೆ ಕಿವಿಗೆ ಸಿಕ್ಕಿಸುವ ಕಡ್ಡಿಗಳಿರಲಿಲ್ಲ. ಹಿಡಿಯುಳ್ಳ ಎರಡು ಗಾಜುಗಳನ್ನು ಒಂದು ಮೊಳೆಯಿಂದ ಜೋಡಿಸಿ ಮೂಗಿನ ಮೇಲೆ ಕವಚಿಡುತ್ತಿದ್ದರು. ಕೈ ಬಿಟ್ಟರೆ ಜಾರುತ್ತಿತ್ತು. ಕಿವಿಗೆ ಕಡ್ಡಿ ಬಂದದ್ದು 18ನೇ ಶತಮಾನದ ಲಂಡನ್‌ನಲ್ಲಿ. ಅಂದರೆ ನಾನೂರು ವರ್ಷಕ್ಕೂ ಹೆಚ್ಚು ಕಾಲ ಜನರು ಮೂಗು ಹಿಂಡಿಸಿಕೊಂಡೇ ಓದಿದರು.

ಇದರ ನಡುವೆಯೂ ಬೇಡಿಕೆ ಮಾತ್ರ ಏರುತ್ತಲೇ ಇತ್ತು. 1462ರಲ್ಲಿ ಮಿಲಾನಿನ ದೊರೆ ಫ್ರಾನ್ಸೆಸ್ಕೊ ಸ್ಫೋರ್ಜಾ ಫ್ಲಾರೆನ್ಸಿನಲ್ಲಿದ್ದ ತನ್ನ ರಾಯಭಾರಿಗೆ ಪತ್ರ ಬರೆದು ಮೂರು ಡಜನ್ ಕನ್ನಡಕ ತರಿಸಿಕೊಂಡ. ಒಂದು ಡಜನ್ ದೂರ ನೋಡುವ ಕಿರಿಯರಿಗೆ, ಒಂದು ಡಜನ್ ಹತ್ತಿರ ನೋಡುವ ಹಿರಿಯರಿಗೆ, ಉಳಿದದ್ದು ಸಾಮಾನ್ಯ ದೃಷ್ಟಿಯವರಿಗೆ. 1466ರಲ್ಲಿ ಅವನ ಮಗ ಗಲೆಯಾಝೊ ಇನ್ನೂರು ಕನ್ನಡಕಗಳಿಗೆ ಹೇಳಿಕಳಿಸಿದ. ಈ ಸಲ ವಯಸ್ಸಿನ ಪಟ್ಟಿಯೇ ಇತ್ತು: ಮೂವತ್ತರಿಂದ ಎಪ್ಪತ್ತರವರೆಗೆ ಐದೈದು ವರ್ಷಕ್ಕೊಂದು ಬಗೆ. ಕಣ್ಣು ಪರೀಕ್ಷಿಸುವ ಮಾತಿಲ್ಲ, ವಯಸ್ಸು ಹೇಳಿದರೆ ಸಾಕು, ಗಾಜು ಸಿದ್ಧ. ನಮ್ಮ ಚಾಳೀಸು ಎಂಬ ಹೆಸರಿನ ಹಿಂದಿರುವ ಲೆಕ್ಕವೂ ಇದೇ ಅಲ್ಲವೇ? ಇಂದಿಗೂ ಸಂತೆಯಲ್ಲಿ ಚಾಪೆ ಹಾಸಿ ಸಿದ್ಧ ಕನ್ನಡಕ ಮಾರುವವರು “ವಯಸ್ಸೆಷ್ಟು?” ಎಂದೇ ಮೊದಲು ಕೇಳುತ್ತಾರೆ.

ಯೂರೋಪಿನಿಂದ ಈ ವಸ್ತು ಪೂರ್ವಕ್ಕೆ ಹರಿದು ಬರಲು ತಡವಾಗಲಿಲ್ಲ. ಈಗಿನ ಅಫ್ಘಾನಿಸ್ತಾನದಲ್ಲಿರುವ ಹೆರಾತ್ ನಗರದ ಪಾರಸಿ ಕವಿ ಜಾಮಿ (1414–1492) ತನ್ನ ಇಳಿವಯಸ್ಸಿನ ಕಾವ್ಯ ‘ಸಲಾಮಾನ್ ಮತ್ತು ಅಬ್ಸಾಲ್’ನಲ್ಲಿ ಫಿರಂಗಿ ಕನ್ನಡಕದ ಪ್ರಸ್ತಾಪ ಮಾಡುತ್ತಾನೆ. ಮುಪ್ಪಿನ ಕುರಿತ ಅವನ ಅಳಲಿನಲ್ಲಿ ಅದಕ್ಕೂ ಒಂದು ಸ್ಥಾನವಿದೆ. ಸೂಫಿ ಕವಿಯ ಮೂಗಿನ ಮೇಲೆ ಫಿರಂಗಿ ಗಾಜು! ಅದಕ್ಕೆ ಯಾರಾದರೂ ಆಕ್ಷೇಪವೆತ್ತಿದ್ದರೋ ಏನೋ, ಆತನಂತೂ ಮುಚ್ಚಿಡಲಿಲ್ಲ.

ಇದಕ್ಕಿಂತಲೂ ನಮಗೆ ಪ್ರಿಯವಾದ ಸಾಕ್ಷಿಗಳು ಎರಡು ಚಿತ್ರಗಳು. ಮೊದಲನೆಯದು ಮೊಗಲರ ಆಸ್ಥಾನದ ಚಿತ್ರಕಾರ ಮೀರ್ ಸಯ್ಯದ್ ಅಲಿ ತನ್ನ ತಂದೆ ಮೀರ್ ಮುಸವ್ವಿರ್ ಅವರನ್ನು ಬರೆದದ್ದು. ಅದು 16ನೇ ಶತಮಾನದ ಉತ್ತರಾರ್ಧದ್ದು, ಪ್ಯಾರಿಸ್ಸಿನ ಗೀಮೆ ವಸ್ತುಸಂಗ್ರಹಾಲಯದಲ್ಲಿದೆ. ಬಿಳಿ ಗಡ್ಡದ ಮುದುಕ ಅರ್ಜಿಯೊಂದನ್ನು ಹಿಡಿದು ಮೊಣಕಾಲೂರಿದ್ದಾರೆ, ಮೂಗಿನ ಮೇಲೆ ಕನ್ನಡಕವಿದೆ. ಎರಡನೆಯದು ಇರಾನಿನ ಹೆಸರಾಂತ ಚಿತ್ರಕಾರ ರಿಜಾ ಅಬ್ಬಾಸಿಯವರದು, ಬರೆದವನು ಶಿಷ್ಯ ಮುಈನ್ ಮುಸವ್ವಿರ್. ಗುರು ಕನ್ನಡಕ ಧರಿಸಿ ಚಿತ್ರ ಬರೆಯುತ್ತಾ ಕುಳಿತಿದ್ದಾರೆ. ಶಿಷ್ಯ ಅದನ್ನು ಗುರು ತೀರಿಕೊಂಡ 1635ರಲ್ಲಿ ಆರಂಭಿಸಿ ಮುಗಿಸಿದ್ದು 1673ರಲ್ಲಿ. ಅಷ್ಟರಲ್ಲಿ ಅವನೂ ಚಾಳೀಸಿನ ವಯಸ್ಸನ್ನು ದಾಟಿದ್ದ. ಒಂದು ಕೂದಲಿನ ಕುಂಚದಿಂದ ರೆಪ್ಪೆ ಬರೆಯಬೇಕಾದ ಕಸುಬಿದು. ಗುರುವಿನ ಕನ್ನಡಕವನ್ನು ಶಿಷ್ಯನೂ, ತಂದೆಯದನ್ನು ಮಗನೂ ಮರೆಮಾಚದೆ ಬರೆದದ್ದು ಗಮನಾರ್ಹ. ಆ ಹೊತ್ತಿಗಾಗಲೇ ಅದು ಕುಂಚದ ಹಾಗೆ, ಲೇಖನಿಯ ಹಾಗೆ ಕಸುಬಿನ ಒಂದು ಉಪಕರಣವಾಗಿ ಒಗ್ಗಿಹೋಗಿತ್ತೆಂದು ಕಾಣುತ್ತದೆ.

ಕನ್ನಡ ನಾಡಿನ ಸಾಕ್ಷಿ ಇವೆರಡಕ್ಕಿಂತಲೂ ಹಳೆಯದು. ವಿಜಯನಗರದಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಗೌರವಕ್ಕೆ ಪಾತ್ರರಾಗಿದ್ದ ಮಾಧ್ವ ಯತಿ ವ್ಯಾಸರಾಯರ ಜೀವನವನ್ನು ಸೋಮನಾಥ ಕವಿ ‘ವ್ಯಾಸಯೋಗಿಚರಿತ’ ಎಂಬ ಸಂಸ್ಕೃತ ಗ್ರಂಥದಲ್ಲಿ ಬರೆದಿದ್ದಾನೆ. ಯತಿಗಳು ಕನ್ನಡಕದ ನೆರವಿನಿಂದ ಗ್ರಂಥ ಓದುತ್ತಿದ್ದ ವರ್ಣನೆ ಅದರಲ್ಲಿದೆ. ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಇದನ್ನು ಎತ್ತಿ ತೋರಿಸಿದರು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತ್ತು. ವಿಜಯನಗರದೊಂದಿಗೆ ಅವರ ಕುದುರೆ ವ್ಯಾಪಾರ ನಡೆದಿತ್ತು. ಆ ದಾರಿಯಲ್ಲೇ ಕನ್ನಡಕವೂ ಬಂದಿರಬೇಕೆಂಬ ಊಹೆ ಸಹಜವಾದದ್ದು. ಹೆರಾತಿನ ಸೂಫಿ, ಹಂಪಿಯ ಯತಿ ಇಬ್ಬರೂ ಒಂದೇ ಫಿರಂಗಿ ಸಾಮಾನಿನಿಂದ ತಂತಮ್ಮ ಗ್ರಂಥಗಳನ್ನು ಓದಿಕೊಂಡರು. ಪರದೇಶದ ವಸ್ತುವೆಂದು ಬದಿಗಿಟ್ಟಿದ್ದರೆ ನಷ್ಟ ಯಾರಿಗೆ?

ಈಗ ಇಬ್ನುಲ್ ಹೈಸಮ್ ಬಳಿಗೆ ಬರೋಣ. ಬಸ್ರಾದಲ್ಲಿ ಕ್ರಿ.ಶ. 965ರ ಸುಮಾರಿಗೆ ಹುಟ್ಟಿ, ಬಾಳಿನ ಬಹುಭಾಗವನ್ನು ಕೈರೋದಲ್ಲಿ ಕಳೆದ ವಿದ್ವಾಂಸ ಅವರು. ಯೂಕ್ಲಿಡನ ಗಣಿತ ಗ್ರಂಥ, ಟಾಲೆಮಿಯ ಖಗೋಳ ಗ್ರಂಥಗಳನ್ನು ನಕಲು ಮಾಡಿ ಮಾರಿ ಹೊಟ್ಟೆ ಹೊರೆಯುತ್ತಿದ್ದರೆಂದು ಹಳೆಯ ಚರಿತ್ರೆಕಾರರು ಹೇಳುತ್ತಾರೆ. ನಲವತ್ತು ದಾಟಿದ ಆ ಬರಹಗಾರನ ಕಣ್ಣಿಗೆ ಯಾವ ಚಾಳೀಸೂ ಇರಲಿಲ್ಲ. ಅದು ಹುಟ್ಟಲು ಇನ್ನೂ ಎರಡು ಶತಮಾನಕ್ಕೂ ಹೆಚ್ಚು ಕಾಲ ಬೇಕಿತ್ತು. ಅವರ ಏಳು ಸಂಪುಟಗಳ ‘ಕಿತಾಬುಲ್ ಮನಾಝಿರ್’ ದೃಷ್ಟಿಯ ಬಗ್ಗೆ ಅಂದಿನವರೆಗಿದ್ದ ದೊಡ್ಡ ವಿವಾದವೊಂದನ್ನು ಬಗೆಹರಿಸಿತು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಯೂಕ್ಲಿಡ್, ಟಾಲೆಮಿ ಮುಂತಾದವರು ನಂಬಿದ್ದರು. ಬೆಳಕೇ ವಸ್ತುವಿನಿಂದ ಹೊರಟು ಕಣ್ಣಿಗೆ ಬರುತ್ತದೆಂದು ಇವರು ಪ್ರಯೋಗ, ಗಣಿತಗಳೊಂದಿಗೆ ಸಾಧಿಸಿದರು.

ಇಷ್ಟನ್ನು ಶಾಲಾ ಪುಸ್ತಕಗಳೂ ಹೇಳುತ್ತವೆ. ಎರಡನೆಯ ಸಂಪುಟದ ವಿಷಯವನ್ನು ಹೇಳುವವರು ಕಡಿಮೆ. ಬೆಳಕು ಕಣ್ಣಿಗೆ ಬಿದ್ದ ಮಾತ್ರಕ್ಕೆ ನೋಟ ಪೂರ್ಣವಾಗುವುದಿಲ್ಲ ಎಂದು ಅವರು ಅಲ್ಲಿ ವಾದಿಸುತ್ತಾರೆ. ವಸ್ತು ದೊಡ್ಡದೋ ಸಣ್ಣದೋ, ಹತ್ತಿರವೋ ದೂರವೋ ಎಂಬುದನ್ನು ನಿರ್ಧರಿಸುವುದು ಒಳಗಿನ ವಿವೇಚನಾ ಶಕ್ತಿ. ಹಿಂದೆ ಕಂಡದ್ದರ ಜೊತೆ ಹೋಲಿಸಿ, ತೂಗಿ, ಅದು ತೀರ್ಮಾನಿಸುತ್ತದೆ. ದೀರ್ಘ ಅಭ್ಯಾಸದಿಂದಾಗಿ ಈ ತೀರ್ಮಾನ ಎಷ್ಟು ಕ್ಷಿಪ್ರವೆಂದರೆ, ತೀರ್ಮಾನಿಸಿದೆ ಎಂಬುದೇ ನಮಗೆ ಗೊತ್ತಾಗುವುದಿಲ್ಲ. ಹೊಸ ಕನ್ನಡಕ ಹಾಕಿಕೊಂಡು ಮೆಟ್ಟಿಲ ಮುಂದೆ ತಡವರಿಸಿ ನಿಂತವನಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಕಣ್ಣಿಗೆ ಬೀಳುವ ಚಿತ್ರ ಬದಲಾಗಿದೆ, ಒಳಗಿನ ತೀರ್ಮಾನ ಮಾತ್ರ ಹಳೆಯದೇ.

ಈ ಗ್ರಂಥ 1200ರ ಸುಮಾರಿಗೆ ಲ್ಯಾಟಿನ್ ಭಾಷೆಗೆ ಹೋಯಿತು. ಅದನ್ನು ಓದಿದ್ದ ಇಂಗ್ಲೆಂಡಿನ ರೋಜರ್ ಬೇಕನ್, ಗಾಜಿನ ಗೋಳದ ತುಂಡನ್ನು ಅಕ್ಷರಗಳ ಮೇಲಿಟ್ಟರೆ ವೃದ್ಧರಿಗೆ ಉಪಕಾರವಾಗುತ್ತದೆಂದು 1267ರಲ್ಲಿ ಬರೆದ. ಅಲ್ಲಿಂದ ಪೀಸಾದ ಕುಶಲಕರ್ಮಿಗೆ ನೇರ ಎಳೆ ಇದೆಯೆಂದು ಹೇಳಲಾಗದು. ಆತ ಪುಸ್ತಕ ಓದದೆಯೇ ಗಾಜು ಉಜ್ಜುತ್ತಾ ಕಂಡುಕೊಂಡಿರಬಹುದು. ಕನ್ನಡಕ ಏಕೆ ಕೆಲಸ ಮಾಡುತ್ತದೆ ಎಂಬುದು ಅದು ಬಂದು ಮುನ್ನೂರು ವರ್ಷವಾದರೂ ತಿಳಿದಿರಲಿಲ್ಲ. ಕಣ್ಣಿನ ಹಿಂಭಾಗದ ಪರದೆಯ ಮೇಲೆ ಚಿತ್ರ ಮೂಡುತ್ತದೆ, ಅದೂ ತಲೆಕೆಳಗಾಗಿ ಎಂದು 1604ರಲ್ಲಿ ವಿವರಿಸಿದವನು ಖಗೋಳ ವಿಜ್ಞಾನಿ ಕೆಪ್ಲರ್.

ತಲೆಕೆಳಗಾದ ಚಿತ್ರವನ್ನು ನಾವು ನೆಟ್ಟಗೆ ಕಾಣುವುದಾದರೂ ಹೇಗೆ? ಇದನ್ನು ತಿಳಿಯಲು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಸ್ಟ್ರಾಟನ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. ಲೋಕವನ್ನು ತಲೆಕೆಳಗೆ ತೋರಿಸುವ ಮಸೂರಗಳನ್ನು ಒಂದು ಕಣ್ಣಿಗೆ ಕಟ್ಟಿ, ಇನ್ನೊಂದು ಕಣ್ಣನ್ನು ಮುಚ್ಚಿ, 1896ರಲ್ಲಿ ಮೂರು ದಿನ, ನಂತರ ಎಂಟು ದಿನ ಹಾಗೆಯೇ ಬದುಕಿದ. ಮೊದಮೊದಲು ಎಲ್ಲವೂ ಅಯೋಮಯ, ಹೊಟ್ಟೆ ತೊಳಸು. ಕೈ ಮೇಲಕ್ಕೆತ್ತಬೇಕೆಂದರೆ ಕೆಳಗಿಳಿಯುತ್ತಿತ್ತು. ದಿನ ಕಳೆದಂತೆ ಕೈಕಾಲು ಹೊಸ ಲೋಕಕ್ಕೆ ಹೊಂದಿಕೊಂಡವು. ಕೊನೆಯ ದಿನಗಳಲ್ಲಿ, ಅದರಲ್ಲೂ ನಡೆದಾಡುತ್ತಾ ಕೆಲಸ ಮಾಡುತ್ತಾ ಇದ್ದಾಗ, ಲೋಕ ನೆಟ್ಟಗಿದೆಯೆಂದೇ ಅನಿಸುತ್ತಿತ್ತಂತೆ. ಮಸೂರ ಬಿಚ್ಚಿದಾಗ ಮತ್ತೆ ಕೆಲ ಹೊತ್ತು ಗೊಂದಲ. ಸುಮ್ಮನೆ ಕುಳಿತು ನೋಡಿದ್ದಕ್ಕಿಂತ ಕೈ ಹಾಕಿ, ಕಾಲಿಟ್ಟು ನೋಡಿದಾಗಲೇ ಹೊಂದಾಣಿಕೆ ಹೆಚ್ಚು ಎಂಬುದು ಇಲ್ಲಿ ಮುಖ್ಯ.

ನಮ್ಮ ಸಾಧಾರಣ ಕನ್ನಡಕದಲ್ಲಿ ನಡೆಯುವುದೂ ಇದರ ಸಣ್ಣ ಆವೃತ್ತಿಯೇ. ಪ್ಲಸ್ ನಂಬರಿನ ಗಾಜು ವಸ್ತುವನ್ನು ಸ್ವಲ್ಪ ಹಿಗ್ಗಿಸುತ್ತದೆ, ಮೈನಸ್ ಗಾಜು ಕುಗ್ಗಿಸುತ್ತದೆ. ಗಾಜಿನ ಅಂಚಿನಲ್ಲಿ ಗೆರೆಗಳು ಬಾಗುತ್ತವೆ. ಸಿಲಿಂಡರ್ ನಂಬರ್ ಇದ್ದರೆ ಗೋಡೆ ವಾಲಿದಂತೆ ಕಾಣುತ್ತದೆ. ತಲೆ ಬಲಕ್ಕೆ ತಿರುಗಿದಾಗ ಕಣ್ಣು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ತಿರುಗಿ ನೋಟವನ್ನು ನಿಲ್ಲಿಸುತ್ತದೆ. ಒಳಗಿವಿಯೂ ಮೆದುಳೂ ಸೇರಿ ನಡೆಸುವ ಈ ಲೆಕ್ಕ ಹಿಗ್ಗಿದ ಅಥವಾ ಕುಗ್ಗಿದ ಚಿತ್ರಕ್ಕೆ ತಾಳೆಯಾಗದಿದ್ದಾಗ ಕೋಣೆ ತೂಗಾಡುತ್ತದೆ. ಮೆದುಳು ಈ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಆದರೆ ಕನ್ನಡಕ ಮೂಗಿನ ಮೇಲಿದ್ದರೆ ಮಾತ್ರ ತಿದ್ದಿಕೊಳ್ಳುತ್ತದೆ. ಅರ್ಧ ಗಂಟೆ ಹಾಕಿ ಅರ್ಧ ದಿನ ತೆಗೆದಿಟ್ಟರೆ ಪ್ರತಿ ಸಲವೂ ಮೊದಲ ದಿನವೇ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದಲ್ಲಿ ಇದು ಮುಗಿಯುತ್ತದೆ. ನಮಗಂತೂ ಆರನೆಯ ದಿನ ನೆಲ ತನ್ನ ಜಾಗಕ್ಕೆ ಇಳಿಯಿತು. ಎರಡು ವಾರ ಕಳೆದರೂ ತಲೆನೋವು ನಿಲ್ಲದಿದ್ದರೆ ಅದನ್ನು ಅಭ್ಯಾಸದ ತಲೆಗೆ ಕಟ್ಟಬಾರದು. ನಂಬರ್ ತಪ್ಪಿರಬಹುದು, ಎರಡು ಗಾಜುಗಳ ನಡುಬಿಂದು ಕಣ್ಣಿಗೆ ಸರಿಯಾಗಿ ಕೂತಿಲ್ಲದಿರಬಹುದು, ಮರಳಿ ತೋರಿಸಲೇಬೇಕು.

ಬರೀ ಓದುವ ಚಾಳೀಸಿನ ಸಮಸ್ಯೆ ಬೇರೆ. ಅದು ಕೈಯಳತೆಯ ದೂರಕ್ಕಷ್ಟೇ. ಅದನ್ನು ಹಾಕಿಕೊಂಡು ನಡೆದರೆ ನೆಲ ಮಸುಕಾಗುವುದು ಸಹಜ, ಅದಕ್ಕೆ ಯಾವ ಅಭ್ಯಾಸವೂ ಇಲ್ಲ, ತೆಗೆದಿಟ್ಟು ನಡೆಯಬೇಕು ಅಷ್ಟೆ. ಈ ತೆಗೆದು ಹಾಕುವ ಕಾಟಕ್ಕೆ ಬೇಸತ್ತೇ ಬೆಂಜಮಿನ್ ಫ್ರಾಂಕ್ಲಿನ್ ಎರಡು ಬಗೆಯ ಗಾಜುಗಳನ್ನು ಅರ್ಧರ್ಧ ಕತ್ತರಿಸಿ ಒಂದೇ ಚೌಕಟ್ಟಿನಲ್ಲಿ ಕೂಡಿಸಿದ. 1785ರಲ್ಲಿ, 79ರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಬಳಿಯಿಂದ ಬರೆದ ಪತ್ರದಲ್ಲಿ ಅದರ ಉಪಕಾರವನ್ನು ವಿವರಿಸುತ್ತಾನೆ. ಊಟದ ತಟ್ಟೆಯೂ ಕಾಣುತ್ತದೆ, ಎದುರು ಕುಳಿತವರ ಮುಖವೂ ಕಾಣುತ್ತದೆ. ಮಾತಾಡುವವರ ತುಟಿ ಕಾಣುವುದರಿಂದ ಫ್ರೆಂಚ್ ಹೆಚ್ಚು ಅರ್ಥವಾಗುತ್ತದೆ! ಗೆರೆಯಿಲ್ಲದ ಪ್ರೊಗ್ರೆಸಿವ್ ಗಾಜು 1959ರಲ್ಲಿ ಫ್ರಾನ್ಸಿನ ಬರ್ನಾರ್ ಮೇತೆನಾಜ್ ಅವರಿಂದ ಬಂತು. ಈ ಎರಡಕ್ಕೂ ಒಗ್ಗುವುದು ಹೆಚ್ಚು ಕಷ್ಟ, ಏಕೆಂದರೆ ಕೆಳಭಾಗದ ಓದುವ ಗಾಜಿನಿಂದಲೇ ಮೆಟ್ಟಿಲೂ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ 63ರಿಂದ 90 ವಯಸ್ಸಿನ 156 ಮಂದಿಯನ್ನು ಒಂದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕನ್ನಡಕದವರು ಬೀಳುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಮೆಟ್ಟಿಲಿಳಿಯುವಾಗ ಗದ್ದವನ್ನು ಎದೆಗೆ ತಗ್ಗಿಸಿ, ಮೇಲ್ಭಾಗದ ಗಾಜಿನಿಂದ ನೋಡುವುದನ್ನು ಮನೆಯ ಹಿರಿಯರಿಗೆ ಹೇಳಿಕೊಡಬೇಕು. ವುಝೂ ಮಾಡುವಾಗ, ಸುಜೂದ್‌ಗೆ ಹೋಗುವ ಮೊದಲು ಕನ್ನಡಕ ತೆಗೆದಿಡುವುದು ಅವರಿಗೆ ಹೇಗೂ ಬೇಗ ರೂಢಿಯಾಗುತ್ತದೆ. ಮೆಟ್ಟಿಲಿನದ್ದೇ ಕಷ್ಟ.

ಓದುವವರ ಮಾತಾಯಿತು. ಪೆತ್ರಾರ್ಕ, ಜಾಮಿ, ವ್ಯಾಸರಾಯರು ಎಲ್ಲರೂ ಗ್ರಂಥದ ಮುಂದೆ ಕುಳಿತವರು. ಕನ್ನಡಕ ಓದುಬರಹದವರ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದು ಹೀಗೆಯೇ ಇರಬೇಕು. ಆದರೆ ಹತ್ತಿರದ ನೋಟ ಬೇಕಾಗಿರುವುದು ಅವರಿಗೆ ಮಾತ್ರವೇ? ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಎಲೆಯ ನರ ಕಾಣಬೇಕು, ನೂಲು ಕಾಣಬೇಕು. ಹೊಲಿಗೆಯವಳಿಗೆ ಸೂಜಿಯ ಕಣ್ಣು ಕಾಣಬೇಕು. ಅಡುಗೆಮನೆಯಲ್ಲಿ ಅಕ್ಕಿಯೊಳಗಿನ ಕಲ್ಲು ಕಾಣಬೇಕು. “ನನಗೇನು ಓದಲಿಕ್ಕಿದೆಯಾ?” ಎಂದು ಇವರು ಕೇಳುತ್ತಾರೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ. ತೀರಿಕೊಂಡ ಗಂಡನ ಕನ್ನಡಕವನ್ನೇ ಹಾಕಿಕೊಂಡು ಕುಳಿತವರನ್ನೂ ನಾವು ಕಂಡಿದ್ದೇವೆ. ಅವರಿಗೆ ಬರುವ ತಲೆನೋವನ್ನು ಹೆಣ್ಣಿಗೆ ಕನ್ನಡಕ ಆಗಿಬರುವುದಿಲ್ಲ ಎಂಬ ಮಾತಿಗೆ ಪುರಾವೆಯಾಗಿ ಮನೆಯವರು ಎತ್ತಿ ಹಿಡಿಯುತ್ತಾರೆ.

ಇದರ ನಷ್ಟವನ್ನು ಲೆಕ್ಕ ಹಾಕಿದವರಿದ್ದಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಹತ್ತಿರದ ನೋಟದ ಕನ್ನಡಕವನ್ನು ಕೂಡಲೇ ಕೊಟ್ಟರು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ. ಕನ್ನಡಕ ಹಾಕಿಕೊಂಡವರು ದಿನಕ್ಕೆ ಕೊಯ್ಯುವ ಎಲೆಯ ತೂಕದ ಏರಿಕೆ ಉಳಿದವರಿಗಿಂತ ಶೇ. 21.7ರಷ್ಟು ಹೆಚ್ಚಿತ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ 824 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದರ್ಜಿ, ನೇಕಾರರಂಥ ಕಸುಬಿನವರೂ ಇದ್ದರು. ಎಂಟು ತಿಂಗಳಲ್ಲಿ ಕನ್ನಡಕ ಪಡೆದವರ ತಿಂಗಳ ಆದಾಯ ಪಡೆಯದವರಿಗಿಂತ ಮೂರನೇ ಒಂದರಷ್ಟು ಮೇಲಿತ್ತು. ಕೊಟ್ಟದ್ದು ಬರೀ ಓದುವ ಕನ್ನಡಕ, ಬೆಲೆಯಲ್ಲಿ ಅಗ್ಗದ್ದು.

ನಮ್ಮ ಊರುಗಳಲ್ಲೂ ಸಂಘಸಂಸ್ಥೆಗಳು, ಜಮಾಅತ್‌ಗಳು ಉಚಿತ ಕನ್ನಡಕ ಶಿಬಿರ ನಡೆಸುತ್ತವೆ. ಒಳ್ಳೆಯ ಕೆಲಸ. ವೇದಿಕೆಯಿದೆ, ಭಾಷಣವಿದೆ, ಫೋಟೋ ಇದೆ. ಮೊದಲ ವಾರ ನೆಲ ಎದ್ದು ಬಂದಂತಾಗುತ್ತದೆ, ಹೆದರಿ ತೆಗೆದಿಡಬೇಡಿ, ಇದನ್ನು ಹಾಕಿಕೊಂಡು ನಡೆಯಬೇಡಿ ಎಂದು ಪ್ರತಿಯೊಬ್ಬರನ್ನೂ ಕೂರಿಸಿ ಐದು ನಿಮಿಷ ಹೇಳುವವರು ಮಾತ್ರ ಅಲ್ಲಿ ಇರುವುದಿಲ್ಲ. ಹದಿನೈದು ದಿನ ಬಿಟ್ಟು ಅದೇ ಕೇರಿಗೆ ಮತ್ತೊಮ್ಮೆ ಹೋಗಿ, ಕೊಟ್ಟ ಕನ್ನಡಕ ಮೂಗಿನ ಮೇಲಿದೆಯೋ ಡಬ್ಬಿಯಲ್ಲಿದೆಯೋ ಎಂದು ವಿಚಾರಿಸಿದ ಶಿಬಿರವನ್ನು ನಾವಿನ್ನೂ ಕಂಡಿಲ್ಲ. ಅಸ್ಸಾಮಿನ ಅಧ್ಯಯನ ನಡೆಸಿದವರು ಇದನ್ನೂ ವಿಚಾರಿಸುತ್ತಿದ್ದರು. ಅಧ್ಯಯನ ಮುಗಿಯುವ ಹೊತ್ತಿಗೆ ಅಲ್ಲಿ ಕನ್ನಡಕ ಪಡೆದ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಅದನ್ನು ಹಾಕಿಕೊಂಡೇ ಎಲೆ ಕೊಯ್ಯುತ್ತಿದ್ದರು.